ಬೋರ್ಡಿಲ್ಲದ ಖಾರದ ಗಿರಣಿ, ಮತ್ತ ಧಾರವಾಡಕ್ಕ ಹೋಗೋ ನನ್ನ ಸೂಪ್ ಪುಡಿ

ಗಂಗಾವತಿಯಾಗ ಖಾರ ಕುಟ್ಟಿಸಾಕ, ಮಸಾಲಿ ಬೀಸಾಕ ಎಲ್ಲಿಗೆ ಹೋಗ್ಬೇಕು ಅಂತ ಬ್ಯಾಸಿಗಿ ಬಂತಂದ್ರ ನಂಗ ನಾಕು ಮಂದಿ ಆದ್ರೂ ಫೋನ್ ಮಾಡಿ ಕೇಳ್ತಾರ, ಎಲ್ಲಾರಿಗೂ ಒಂದೊಂದು ಸರ್ತಿ ಹೇಳೋ ಬದಲಿ ಒಮ್ಮೆ ಕುಂತು ಬರಿತೀನಿ ಅಂತ ಇದನ್ನ ಬರಿಯಾಕತ್ತೀನಿ. ನಾ ಹೋಗೋ ಗಿರಣಿಗೆ ಬೋರ್ಡ್ ಇಲ್ಲ. ಬಸ್ ಸ್ಟ್ಯಾಂಡ್‌ನಿಂದ ನಡಕೊಂಡ್ರ ಹತ್ತು ನಿಮಿಷ, ಹಳೇ ಓಣಿಯಾಗ ಹೊಕ್ಕು ಖಾರದ ಘಾಟು ಬಂದ ಕಡೆ ತಿರುಗಿದ್ರ ಆತು, ಖಾರದ ಗಿರಣಿ ಅಂದ್ರ ಸಣ್ಣ ಹುಡುಗ್ರು ಸೈತ ಕರಕೊಂಡು ಹೋಗಿ ಬಿಡ್ತಾರ. ಒಳಗ ಎರಡು ಮಷಿನ್ ಅದಾವ, ಒಂದು ಒನಕಿ ಹಂಗ ಮ್ಯಾಲಿಂದ ಬಿದ್ದು ಕುಟ್ಟೋದು, ಇನ್ನೊಂದು ನುಣ್ಣಗ ಬೀಸೋ ಪಲ್ವರೈಸರ್. ನಾ ಅಲ್ಲಿಗೆ ಹೋಗಾಕ ಹತ್ತಿ ಮೂರು ಬ್ಯಾಸಿಗಿ ಆದ್ವು.

ಮೊದಲೇ ಹೇಳಿಬಿಡ್ತೀನಿ, ಈ ಗಿರಣಿಗೆ ಐದಕ್ಕ ನಾಲ್ಕೂವರೆ ಮಾರ್ಕು ಕೊಡ್ತೀನಿ. ಆ ಅರ್ಧ ಯಾಕ ಕಡಿಮಿ ಅಂತ ಕೆಳಗ ಬರಿತೀನಿ.

ನಮ್ಮ ಮನ್ಯಾಗ ಅಂಗಡಿ ಮಸಾಲಿ ಪಾಕೀಟು ಬರೋದು ನಿಂತು ವರ್ಷಗಳಾದ್ವು. ಮಸಾಲಿ ಖಾರ, ಸಾರಿನ ಪುಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ ಎಲ್ಲಾ ಮನ್ಯಾಗ ಹದ ಮಾಡಿ ಗಿರಣಿಗೆ ಒಯ್ಯೋದು. ಸೂಪ್ ಪುಡಿ ಮಾತ್ರ ಹೊಸದು, ಅದು ಶುರು ಆಗಿದ್ದು ಮಗನ ಸಲುವಾಗಿ. ಅವ ಧಾರವಾಡದಾಗ ರೂಮ್ ಮಾಡಿಕೊಂಡು ಕೋಚಿಂಗ್‌ಗೆ ಹೋಗ್ತಾನ, ರೂಮಿನಾಗ ಒಂದು ಕೆಟಲ್ ಬಿಟ್ರ ಏನೂ ಇಲ್ಲ, ರಾತ್ರಿ ಹನ್ನೊಂದಕ್ಕ ಹಸಿವಾದ್ರ ಪಾಕೀಟಿನ ಸೂಪ್ ಕುಡಿತೀನವ್ವಾ ಅಂತಿದ್ದ. ಒಂದು ಸಲ ಅವ ಊರಿಗೆ ಬಂದಾಗ ಆ ಪಾಕೀಟು ತಿರುವಿ ಹಿಂದಿನ ಸಣ್ಣ ಅಕ್ಷರ ಓದಿದೆ. ಅಲ್ಲಿ ಪದಾರ್ಥಗಳ ಹೆಸರು ತೂಕದ ಪ್ರಕಾರ ಬರ್ದಿರ್ತಾರ, ಯಾವುದು ಜಾಸ್ತಿ ಐತೋ ಅದು ಮೊದಲು. ಟೊಮೆಟೊ ಸೂಪ್ ಅಂತ ಹೆಸರು, ಆದ್ರ ಪಟ್ಟಿಯಾಗ ಸಕ್ರಿ, ಮೆಕ್ಕಿಜೋಳದ ಹಿಟ್ಟು ಮುಂದ, ಟಮಾಟಿ ಅವುಗಳ ಹಿಂದ. ನಮ್ಮೂರಾಗ ಕೆಲವು ತಿಂಗಳು ಟಮಾಟಿ ರೇಟು ಬಿದ್ದು ರೈತರು ಬುಟ್ಟಿ ಬುಟ್ಟಿ ರಸ್ತೆ ಬದಿಗೆ ಸುರಿದು ಹೋಗೋದು ನೋಡೀನಿ, ನಮ್ಮ ಹುಡುಗರು ಅಲ್ಲಿ ಹಿಟ್ಟು ಸಕ್ರಿ ಕುಡಿಯಾಕತ್ತಾರ ಅಂತ ಹೊಟ್ಟಿ ಉರಿತು.

ಮೊದಲನೇ ಸೂಪ್ ಪುಡಿ ನಾ ಬ್ಯಾರೆ ಗಿರಣಿಯಾಗ ಮಾಡಿಸಿದ್ದೆ, ಅದರ ಹೆಸರು ಬ್ಯಾಡ. ಅಲ್ಲಿ ಮುಂಜಾನಿಂದ ಗುಂಟೂರು ಮೆಣಸಿನಕಾಯಿ ಬೀಸಿದ್ದ ಮಷಿನ್‌ಗೇ ನನ್ನ ಒಣ ತರಕಾರಿ ಹಾಕಿದ್ರು, ನಾ ಕ್ಯೂ ಭಾಳ ಐತಿ ಅಂತ ಚೀಲ ಇಟ್ಟು ಬಜಾರಕ್ಕ ಹೋಗಿದ್ದೆ. ಬಂದು ನೋಡಿದ್ರ ಪುಡಿ ಬಣ್ಣ ಚಲೋನ ಇತ್ತು, ಟಮಾಟಿ ಕೆಂಪು ಅಂತ ತಿಳ್ಕೊಂಡೆ. ಮಗ ಧಾರವಾಡದಾಗ ಒಂದು ಗುಟುಕು ಕುಡಿದು ಅರ್ಧ ತಾಸು ಕೆಮ್ಮಿದನಂತ. ಫೋನಿನಾಗ ಅವನ ದನಿ ಕೇಳಿ ನಂಗ ಅವತ್ತು ರಾತ್ರಿ ನಿದ್ದಿ ಹತ್ತಲಿಲ್ಲ. ಅವತ್ತಿಂದ ಎದುರಿಗೆ ನಿಲ್ಲಾಕ ಬಿಡದ ಗಿರಣಿಗೆ ನಾ ಕಾಲಿಟ್ಟಿಲ್ಲ.

ಈ ಬೋರ್ಡಿಲ್ಲದ ಗಿರಣಿಗೆ ಹೋಗಿದ್ದು ಪಕ್ಕದ ಮನಿ ಅಕ್ಕಾರು ಹೇಳಿದ್ದಕ್ಕ. ಹೋದ ಮೊದಲನೇ ದಿನಾನೇ ನನ್ನನ್ನ ವಾಪಸ್ ಕಳಿಸಿದ್ರು! ಹತ್ತು ಕೆಜಿ ಟಮಾಟಿ ಬಿಲ್ಲಿ ಬಿಲ್ಲಿಯಾಗಿ ಹೆಚ್ಚಿ ಮಾಳಿಗಿ ಮ್ಯಾಲ ಮೂರು ದಿನ ಒಣಗಿಸಿ ಒಯ್ದಿದ್ದೆ. ಗಿರಣಿ ಅಣ್ಣಾರು ಡಬ್ಬಿ ಮುಚ್ಚಳ ತಗದು ಮ್ಯಾಲಿಂದ ನೋಡ್ಲಿಲ್ಲ, ಕೈ ತಳತನಕ ಹಾಕಿ ಅಡೀಲಿದ್ದ ಒಂದು ಬಿಲ್ಲಿ ತಗದ್ರು, ಕಿವಿ ಹತ್ರ ಹಿಡಿದು ಮುರಿದ್ರು. ಸಪ್ಪಳ ಬರ್ಲಿಲ್ಲ, ಬಾಗ್ತು ಅಷ್ಟೇ. ಇನ್ನೊಂದು ತಗದ್ರು, ಅದು ಪಟ್ ಅಂತು. ಮೂರನೇದು ಮತ್ತ ಬಾಗ್ತು. ಸಿಪ್ಪಿ ಕಡೆ ಒಣಗಿದ್ರೂ ಬೀಜದ ಕಡೆ ಬೆರಳಿಗೆ ಅಂಟು ಹತ್ತಿದ್ದು ನಂಗೂ ತೋರಿಸಿದ್ರು. "ಅಕ್ಕಾರ, ಇದು ಇನ್ನೂ ಹಸಿ ಐತ್ರಿ. ಈಗ ಬೀಸಿ ಕೊಟ್ರ ನಾಳೆ ಗಡ್ಡಿ ಕಟ್ತೈತಿ, ಎಂಟು ದಿನಕ್ಕ ಬೂಸ್ಟು ಬರ್ತೈತಿ, ಆಮ್ಯಾಲ ಗಿರಣಿಯವ ಕೆಡಿಸಿದ ಅಂತೀರಿ. ಇನ್ನೆರಡು ಬಿಸಿಲು ಕಾಣ್ಲಿ." ಸಿಟ್ಟು ಬಂತು ಖರೆ, ಆಟೋಕ್ಕ ಕೊಟ್ಟ ರೊಕ್ಕ ಹೋತಲ್ಲ ಅಂತ. ಆದ್ರ ಎರಡು ದಿನ ಬಿಟ್ಟು ಒಯ್ದಾಗ ಎಲ್ಲಾ ಬಿಲ್ಲಿ ಹಪ್ಪಳದ ಹಂಗ ಮುರಿದ್ವು, ಆ ಪುಡಿ ಮಳಿಗಾಲ ದಾಟಿ ದೀಪಾವಳಿ ತನಕ ಉದುರು ಉದುರಾಗಿ ಇತ್ತು. ಬೀಸೋ ಕೂಲಿ ಬಿಟ್ಟುಕೊಟ್ಟು ಗಿರಾಕಿನ್ನ ವಾಪಸ್ ಕಳಿಸೋ ಗಿರಣಿಯವರು ಎಷ್ಟು ಮಂದಿ ಅದಾರ ಹೇಳ್ರಿ. ನಾ ಈ ಗಿರಣಿಗೆ ನಂಬಿಗಿಯಿಂದ ಹೋಗೋದು ಇದೊಂದಕ್ಕ.

ಒಣಗಿಸೋದರ ಬಗ್ಗೆ ಒಂದೀಟು ಬರಿತೀನಿ, ಯಾಕಂದ್ರ ಗಿರಣಿ ಎಷ್ಟೇ ಚಲೋ ಇರ್ಲಿ, ಒಯ್ಯೋ ಮಾಲು ಸರಿ ಇಲ್ಲಂದ್ರ ಏನೂ ಆಗಂಗಿಲ್ಲ. ಟಮಾಟಿಯಾಗ ನೂರಕ್ಕ ತೊಂಬತ್ನಾಲ್ಕು ತೊಂಬತ್ತೈದು ಪಾಲು ನೀರೇ, ಐದು ಕೆಜಿ ಹಾಕಿದ್ರ ಕಡೀಕ ಸಿಗೋದು 300 ಗ್ರಾಂ ಒಳಗ. ಉಳ್ಳಾಗಡ್ಡಿ ಸಿಪ್ಪಿ ತಗದು ಎರಡು ಕೆಜಿ ಒಣಗಿಸಿದ್ರ 230 ಗ್ರಾಂ ಬಂತು, ನುಗ್ಗಿ ತಪ್ಲ ಒಂದು ಕೆಜಿಗೆ 220. ನಮ್ಮ ಕೊಪ್ಪಳ ರಾಯಚೂರು ಬಳ್ಳಾರಿ ಕಡೆ ಏಪ್ರಿಲ್ ಮೇ ಬಿಸಿಲು 40 ಡಿಗ್ರಿ ದಾಟ್ತೈತಿ, ಎಲ್ಲಾರೂ ಬೈಕೊಳ್ಳೋ ಈ ಬಿಸಿಲು ಇದಕ್ಕ ಮಾತ್ರ ಬಂಗಾರ, ಕರೆಂಟಿನ ಡ್ರೈಯರ್ ತಗೊಳ್ಳೋ ಅಗತ್ಯಾನೇ ಇಲ್ಲ. ಟಮಾಟಿ ತೆಳ್ಳಗ ಬಿಲ್ಲಿ ಹೆಚ್ಚಿ, ಉಪ್ಪು ಹಚ್ಚದೇ, ತೊಳೆದ ಹಳೇ ಕಾಟನ್ ಸೀರಿ ಮ್ಯಾಲ ಒಂದಕ್ಕೊಂದು ತಾಕದಂಗ ಹರವಿ, ಮ್ಯಾಲ ಇನ್ನೊಂದು ತೆಳು ಬಟ್ಟಿ ಹೊಚ್ಚಬೇಕು, ಇಲ್ಲಂದ್ರ ಗಾಳಿಗೆ ಧೂಳು, ನೊಣ. ಸಂಜಿ ಆರಕ್ಕ ತಪ್ಪದೇ ಒಳಗ ತರ್ಬೇಕು, ರಾತ್ರಿ ಬಿಟ್ರ ಹಗಲೆಲ್ಲಾ ಬಿಟ್ಟ ತೇವ ಮತ್ತ ಎಳಕೊಂತಾವ. ನುಗ್ಗಿ ತಪ್ಲ, ಕರಿಬೇವು, ಕೊತ್ತಂಬ್ರಿ, ಪುದಿನಾ ಇವನ್ನ ಮಾತ್ರ ಬಿಸಿಲಿಗೆ ಹಾಕಬ್ಯಾಡ್ರಿ, ನೆರಳಾಗ ಗಾಳಿ ಆಡೋ ಕಡೆ ಒಣಗಿಸ್ರಿ, ಬಿಸಿಲಿಗೆ ಹಾಕಿದ್ರ ಹಸಿರು ಹೋಗಿ ಒಣ ಹುಲ್ಲಿನ ಬಣ್ಣ ಬರ್ತೈತಿ, ವಾಸನಿನೂ ಹೋಗ್ತೈತಿ.

ಇನ್ನ ಗಿರಣಿ ಕೆಲಸ. ಇವರು ಒಬ್ಬರ ಮಾಲು ಮುಗದು ಇನ್ನೊಬ್ಬರದು ಹಾಕೋ ಮೊದಲು ಒಂದು ಸೇರು ಅಕ್ಕಿ ನುಚ್ಚು ಮಷಿನ್‌ಗೆ ಹಾಕಿ ಓಡಿಸ್ತಾರ. ಒಳಗ ಕಚ್ಚಿಕೊಂಡಿರೋ ಹಳೇ ಖಾರ ಎಲ್ಲಾ ನುಚ್ಚಿನ ಹಿಟ್ಟಿಗೆ ಹತ್ತಿ ಹೊರಗ ಬರ್ತೈತಿ, ಮೊದಲು ಕೆಂಪಗ, ಆಮ್ಯಾಲ ತಿಳಿ ಗುಲಾಬಿ, ಕಡೀಕ ಬೆಳ್ಳಗ. ಬೆಳ್ಳಗ ಆಗೋ ತನಕ ನಮ್ಮ ಮಾಲು ಹಾಕಂಗಿಲ್ಲ. ಗಂಗಾವತಿ ಅಂದ್ರ ಭತ್ತದ ಊರು, ತುಂಗಭದ್ರಾ ಎಡದಂಡೆ ಕಾಲುವಿ ನೀರಿನ ಮ್ಯಾಲ ರೈಸ್ ಮಿಲ್‌ಗಳು ಸಾಲು ಸಾಲು ಅದಾವ, ನುಚ್ಚಿಗೇನು ಬರ ಇಲ್ಲ. ಹಂಗಿದ್ರೂ ಬ್ಯಾರೆ ಕಡೆ ಇಷ್ಟು ಮಾಡೋದು ನಾ ಕಂಡಿಲ್ಲ. ಸೂಪ್ ಪುಡಿ, ಮಕ್ಕಳ ಹಿಟ್ಟು ಇಂಥಾವಕ್ಕ ಮುಂಜಾನೆ ಏಳರಿಂದ ಎಂಟೂವರೆ ಅಂತ ಟೈಮ್ ಇಟ್ಟಾರ, ಮೆಣಸಿನಕಾಯಿ ಅದರ ಮ್ಯಾಲೇ ಶುರು.

ಬೀಸಿದ ಪುಡಿ ಬಿಸಿ ಇರ್ತೈತಿ, ಕೈ ಇಟ್ರ ಗೊತ್ತಾಗ್ತೈತಿ. ಅದನ್ನ ಹಂಗೇ ಡಬ್ಬಿಗೆ ತುಂಬಿದ್ರ ಮುಚ್ಚಳದ ಒಳಗ ಹನಿ ಕಟ್ಟಿ ಕೆಡ್ತೈತಿ. ಇಲ್ಲಿ ಗ್ವಾಡಿ ಬದಿಗೆ ಒಂದು ಕಟ್ಟಿ ಐತಿ, ಅದರ ಮ್ಯಾಲ ತೊಳದ ಬಟ್ಟಿ ಹಾಸಿ, ಪುಡಿ ಹರವಿ, ಹತ್ತು ಹದಿನೈದು ನಿಮಿಷ ಆರಿಸಿದ ಮ್ಯಾಲೇ ಕಟ್ಟಿಕೊಡ್ತಾರ. ತೂಕ ಮೊದಲು ಒಮ್ಮೆ, ಬೀಸಿದ ಮ್ಯಾಲ ಒಮ್ಮೆ, ಎರಡೂ ಎದುರಿಗೇ. ಕೆಜಿಗೆ ಮೂವತ್ತು ನಲವತ್ತು ಗ್ರಾಂ ಧೂಳಾಗಿ ಹೋಗ್ತೈತಿ, ಅದನ್ನ ಮುಚ್ಚಿಡಂಗಿಲ್ಲ, ಹೇಳಿಯೇ ಕೊಡ್ತಾರ. ಈ ಸಲ ನಾ ಕೊಟ್ಟಿದ್ದು ಬೀಸಾಕ ಕೆಜಿಗೆ 40 ರೂಪಾಯಿ, ಕುಟ್ಟಾಕ 60.

ಕುಟ್ಟೋದು ಯಾಕ, ಬೀಸಿದ್ರ ಆಗಂಗಿಲ್ಲೇನು ಅಂತ ಕೇಳ್ತಾರ. ಸಾರಿನ ಪುಡಿ, ಬರೀ ಖಾರಪುಡಿ ಬೀಸಿದ್ರ ನಡಿತೈತಿ. ಮಸಾಲಿ ಖಾರಕ್ಕ ಮಾತ್ರ ಕುಟ್ಟಿಸೋದೇ ಸೈ. ಅದರಾಗ ಕೊಬ್ರಿ, ಎಳ್ಳು, ಹುರಿದ ಉಳ್ಳಾಗಡ್ಡಿ, ಬಳ್ಳೊಳ್ಳಿ ಇರ್ತಾವ, ಎಣ್ಣಿ ಬಿಡ್ತಾವ, ಪಲ್ವರೈಸರ್ ಜಾಳಗಿ ಕಟ್ಟಿಕೊಂಡು ಪುಡಿ ಒಳಗೇ ಸುಟ್ಟ ವಾಸನಿ ಹಿಡಿತೈತಿ. ಕುಟ್ಟಿದ್ರ ಅಷ್ಟು ಕಾಯಂಗಿಲ್ಲ, ಬಣ್ಣ ಘಮ ಎರಡೂ ಉಳಿತಾವ.

ನಮ್ಮ ಅತ್ತಿಯವರ ಲೆಕ್ಕ ಹಿಂಗೈತಿ: ಬ್ಯಾಡಗಿ ಮೆಣಸಿನಕಾಯಿ ಒಂದು ಕೆಜಿ, ಗುಂಟೂರು ಕಾಲು ಕೆಜಿ, ಕೊತ್ತಂಬ್ರಿ ಕಾಳು ಅರ್ಧ ಕೆಜಿ, ಜೀರಿಗಿ 100 ಗ್ರಾಂ, ಮೆಣಸಿನಕಾಳು 50, ಮೆಂತೆ 25, ಎಳ್ಳು 100, ಒಣ ಕೊಬ್ರಿ ಕಾಲು ಕೆಜಿ, ಬಳ್ಳೊಳ್ಳಿ ಕಾಲು ಕೆಜಿ, ಹೆಚ್ಚಿ ಒಣಗಿಸಿ ಎಣ್ಣ್ಯಾಗ ಕೆಂಪಗ ಹುರಿದ ಉಳ್ಳಾಗಡ್ಡಿ, ಚಕ್ಕಿ ಲವಂಗ ಯಾಲಕ್ಕಿ ಕಲ್ಲುಹೂವು ಎಲ್ಲಾ ಸೇರಿ ಒಂದು ಮುಷ್ಟಿ. ಬ್ಯಾಡಗಿ ಬಣ್ಣಕ್ಕ, ಗುಂಟೂರು ಖಾರಕ್ಕ. ಬ್ಯಾಡಗಿಗೆ 2011ರಾಗ ಜಿಐ ಟ್ಯಾಗ್, ಅಂದ್ರ ಆ ಸೀಮಿಯ ಮಾಲು ಅನ್ನೋ ಸರ್ಕಾರದ ಗುರುತು ಸಿಕ್ಕೈತಿ, ಅದರಾಗ ಡಬ್ಬಿ, ಕಡ್ಡಿ ಅಂತ ಎರಡು ನಮೂನಿ, ಡಬ್ಬಿ ಅಂದ್ರ ಗಿಡ್ಡ ದಪ್ಪ, ಕಡ್ಡಿ ಅಂದ್ರ ಉದ್ದ ಸುಕ್ಕು. ನಮ್ಮ ಬಳ್ಳಾರಿ ಕಡೆ ರೈತರು ಮೆಣಸಿನಕಾಯಿ ಬೆಳೆದು ಲಾರಿಯಾಗ ಬ್ಯಾಡಗಿ ಮಾರ್ಕೆಟ್ಟಿಗೇ ಒಯ್ತಾರ. ಚೀಲ ತಂದ ಮ್ಯಾಲ ತೊಟ್ಟು ಬಿಡಿಸೋ ಕೆಲಸಕ್ಕ ಬ್ಯಾಸರ ಮಾಡ್ಕೋಬಾರದು, ತೊಟ್ಟು ಸೈತ ಕುಟ್ಟಿಸಿದ್ರ ಬಣ್ಣ ಮಂಕು. ಕೊಬ್ರಿ ಹಾಕಿದ ಖಾರ ಮೂರು ತಿಂಗಳ ಮ್ಯಾಲ ಕಮಟು ವಾಸನಿ ಹಿಡಿತೈತಿ, ಅದಕ್ಕ ನಾ ಈಗ ಕೊಬ್ರಿ ಎಳ್ಳು ಇಲ್ಲದ್ದು ವರ್ಷಕ್ಕ ಆಗೋವಷ್ಟು ಕುಟ್ಟಿಸಿ, ಕೊಬ್ರಿದು ಆವಾಗ ಆವಾಗ ಒಂದು ಡಬ್ಬಿ ಮಾಡ್ಕೊಂತೀನಿ.

ಬಜಾರದ ಬಿಡಿ ಖಾರಪುಡಿ ತರೋರು ಒಂದು ಗಾಜಿನ ಗ್ಲಾಸಿನಾಗ ನೀರು ಹಾಕಿ ಮ್ಯಾಲ ಒಂದು ಚಮಚ ಉದುರಿಸಿ ನೋಡ್ರಿ, ಬಣ್ಣ ಹಾಕಿದ್ದಿದ್ರ ಗೆರಿ ಗೆರಿಯಾಗಿ ಕೆಳಗ ಇಳಿತೈತಿ. ನಾ ನೋಡಿದ ದಿನದಿಂದಾನೇ ತರೋದು ಬಿಟ್ಟೆ.

ಸೂಪ್ ಪುಡಿ ವಿಷಯಕ್ಕ ಬರ್ತೀನಿ, ಇದನ್ನ ಕೇಳಾಕ ಭಾಳ ಮಂದಿ ಅದಾರ. ನನ್ನ ತೊಡಕು ಏನಿತ್ತಂದ್ರ ಕೆಟಲ್. ಕಾರ್ನ್‌ಫ್ಲೋರ್ ಹಾಕಿದ ಪುಡಿಗೆ ಬರೀ ಬಿಸಿನೀರು ಹಾಕಿದ್ರ ಗಂಟು ಕಟ್ತೈತಿ, ಗಟ್ಟಿ ಬರಂಗಿಲ್ಲ, ಹಸಿ ಹಿಟ್ಟಿನ ರುಚಿ ಹೋಗಂಗಿಲ್ಲ, ಅದನ್ನ ತಣ್ಣೀರಾಗ ಕಲಸಿ ಒಲಿ ಮ್ಯಾಲ ಕುದಿಸಲೇ ಬೇಕು. ಅಕ್ಕಿ ಹಿಟ್ಟು ಹುರಿದು ಹಾಕಿ ನೋಡಿದೆ, ಅದೂ ಅಷ್ಟೇ, ಕಪ್ಪಿನ ಅಡಿಗೆ ಕೂಡ್ತು. ಆಮ್ಯಾಲ ಗಿರಣಿಯಾಗ ಕ್ಯೂನಾಗ ಕುಂತಾಗ ಒಬ್ಬ ದೊಡ್ಡವ್ವಾರು ಕೇಳಿದ್ರು, ಬೆಂದಿರೋದನ್ನೇ ಹಾಕಬಾರದೇನವ್ವಾ, ಮಂಡಕ್ಕಿ ಐತಲ್ಲ ಅಂತ. ಅವರು ಹೇಳಿದ್ದು ಎಷ್ಟು ಖರೆ! ಮಂಡಕ್ಕಿ ಅಂದ್ರ ಮೊದಲೇ ಬೆಂದು ಅರಳಿದ ಅಕ್ಕಿ, ಬಿಸಿನೀರು ತಾಕಿದ್ರ ಸಾಕು ಕರಗಿ ಗಟ್ಟಿ ಆಗ್ತೈತಿ. ದಿನಾ ಬೆಳಗಾದ್ರ ಒಗ್ಗರಣಿ ಮಂಡಕ್ಕಿ ತಿನ್ನೋ ಊರಾಗ ಹುಟ್ಟಿ ನಂಗ ಅದು ಹೊಳಿದಿರಲಿಲ್ಲ. ಪುಟಾಣಿ ಅಂದ್ರ ಹುರಿಗಡಲಿನೂ ಹಂಗೇ, ಮೊದಲೇ ಹುರಿದಿದ್ದು, ಹಸಿ ವಾಸನಿ ಇಲ್ಲ.

ಈಗ ನಾ ಮಾಡೋ ಟಮಾಟಿ ಸೂಪ್ ಪುಡಿ: ಟಮಾಟಿ ಪುಡಿ 100 ಗ್ರಾಂ, ಮಂಡಕ್ಕಿ 60, ಪುಟಾಣಿ 20, ಒಣ ಉಳ್ಳಾಗಡ್ಡಿ 25, ಒಣ ಬಳ್ಳೊಳ್ಳಿ 10, ಹುರಿದ ಜೀರಿಗಿ 8, ಮೆಣಸಿನಕಾಳು 8, ಸಕ್ರಿ 10. ಮಂಡಕ್ಕಿಯನ್ನ ಬಿಸಿ ಬಾಣಲಿಯಾಗ ಎಣ್ಣಿ ಇಲ್ಲದೇ ಗರಿಗರಿ ಮಾಡ್ಕೊಂಡು ಒಯ್ಯಬೇಕು, ಮೆತ್ತಗ ಇದ್ರ ಪುಡಿ ಆಗಂಗಿಲ್ಲ. ಸಕ್ರಿ ಮನ್ಯಾಗ ಆಮ್ಯಾಲ ಕಲಸೋದು. ಉಪ್ಪು ಹಾಕೋದೇ ಬ್ಯಾಡ, ಕುಡಿಯೋ ಮುಂದ ಹಾಕ್ಕೊಳ್ಳೋದು. ಉಪ್ಪು ಗಾಳ್ಯಾಗಿನ ತೇವ ಎಳಕೊಂಡು ಪುಡಿ ಹಸಿ ಮಾಡ್ತೈತಿ, ಗಿರಣಿ ಅಣ್ಣಾರೂ ಉಪ್ಪು ಹಾಕಿದ್ದು ತರಬ್ಯಾಡ್ರಿ, ಕಬ್ಬಿಣಕ್ಕ ತುಕ್ಕು ಹಿಡಿತೈತಿ ಅಂತಾರ. ಒಂದು ಕಪ್ಪಿಗೆ ಎರಡು ದೊಡ್ಡ ಚಮಚ ತುಂಬ, ಕುದಿಯೋ ನೀರು 200 ಎಂಎಲ್, ಕಲಸಿ ಮ್ಯಾಲೊಂದು ತಟ್ಟಿ ಮುಚ್ಚಿ ಮೂರು ನಿಮಿಷ ಬಿಡಬೇಕು. ಲೆಕ್ಕ ಹಾಕಿದ್ರ ಒಂದು ಕಪ್ಪಿನಾಗ ನೂರು ಗ್ರಾಮಿಗಿಂತ ಜಾಸ್ತಿ ಹಸಿ ಟಮಾಟಿ ಇರ್ತೈತಿ, ಅಂದ್ರ ಒಂದು ದೊಡ್ಡ ಹಣ್ಣು.

ಹೆಸರುಬ್ಯಾಳಿ ನುಗ್ಗಿ ಸೂಪ್ ಇನ್ನೊಂದು. ಬ್ಯಾಳಿ ಹಸೀದು ಹುರಿದು ಬೀಸಿದ್ರ ಕೆಟಲ್ ನೀರಿಗೆ ಬೇಯಂಗಿಲ್ಲ, ಅದಕ್ಕ ಕುಕ್ಕರ್‌ನಾಗ ಮೆತ್ತಗ ಬೇಯಿಸಿ, ಸಂಡಿಗಿ ಹಂಗ ಪ್ಲಾಸ್ಟಿಕ್ ಹಾಳಿ ಮ್ಯಾಲ ತೆಳ್ಳಗ ಸವರಿ, ಕಡಕ್ ಬಿಸಿಲಿಗೆ ಒಣಗಿಸಿ, ಚೂರು ಚೂರು ಎದ್ದು ಬಂದ ಮ್ಯಾಲ ಒಯ್ಯೋದು. ದಪ್ಪ ಸವರಿದ್ರ ಒಣಗೋದ್ರೊಳಗ ಹುಳಿ ಹಿಡಿತೈತಿ, ಒಂದು ಸರ್ತಿ ಹಾಳಿ ಮ್ಯಾಲಿಂದೆಲ್ಲಾ ಪೂರ್ತಿ ಚೆಲ್ಲೀನಿ. ಇದಕ್ಕ ನುಗ್ಗಿ ತಪ್ಲ ಪುಡಿ, ಒಣ ಶುಂಠಿ, ಮೆಣಸು, ಜೀರಿಗಿ, ಚಿಟಿಕಿ ಅರಿಷಿಣ. ಮಗನ ರೂಮಿನ ಹುಡುಗ್ರು ಮೂರು ಮಂದಿ ಇದನ್ನೇ ಕೇಳ್ತಾರ, ಹೋದ ತಿಂಗಳು ಒಂದೂವರೆ ಕೆಜಿ ಕಳಿಸೀನಿ.

ಇನ್ನ ಆ ಅರ್ಧ ಮಾರ್ಕು. ಮಾರ್ಚ್ ಏಪ್ರಿಲ್‌ನಾಗ ಕ್ಯೂ ಎರಡು ಮೂರು ತಾಸು, ಕುಂದ್ರಾಕ ಎರಡೇ ಬೆಂಚು, ಹೊರಗ ನೆರಳಿಲ್ಲ, ವಯಸ್ಸಾದ ಹೆಣ್ಮಕ್ಕಳು ಬಿಸಿಲಾಗ ಚೀಲ ಹಿಡಕೊಂಡು ನಿಂತಿರ್ತಾರ, ಒಂದು ತಗಡಿನ ಶೀಟು ಹಾಕಿಸಿದ್ರ ಎಷ್ಟು ಪುಣ್ಯ. ಫೋನ್ ಮಾಡಿ ನಂಬರ್ ಹಚ್ಚೋಣ ಅಂದ್ರ ತಗೊಳ್ಳಂಗಿಲ್ಲ. ಅರ್ಧ ಕೆಜಿಗಿಂತ ಕಡಿಮಿ ಇದ್ರ ಬೀಸಂಗಿಲ್ಲ, ಸೂಪ್ ಪುಡಿ ಮೊದಲ ಸಲ ಮಾಡೋರಿಗೆ ಇದು ತ್ರಾಸು, ಅಂಥೋರು ಇಬ್ಬರು ಮೂರು ಮಂದಿ ಕೂಡಿ ಒಯ್ದು ಹಂಚ್ಕೊಳ್ರಿ. ಕರೆಂಟ್ ಹೋತಂದ್ರ ಕುಂತಿರೋದೇ. ಎಲ್ಲಾಕ್ಕಿಂತ ನನ್ನ ಮನಸ್ಸಿಗೆ ಹತ್ತಿದ್ದು ಅಲ್ಲಿ ಮಷಿನ್‌ಗೆ ಮೆಣಸಿನಕಾಯಿ ಹಾಕೋ ಹುಡುಗ. ದಿನಕ್ಕ ಹತ್ತು ತಾಸು ಆ ಘಾಟಿನಾಗ ನಿಂತಿರ್ತಾನ, ಮೂಗಿಗೆ ಒಂದು ಕರ್ಚೀಫು ಅಷ್ಟೇ. ನಾವು ಐದು ನಿಮಿಷ ನಿಂತ್ರ ಸೀನಿ ಸೀನಿ ಕಣ್ಣಾಗ ನೀರು ಸುರಿತಾವ. ಚಲೋ ಮಾಸ್ಕು, ಕಣ್ಣಿಗೆ ಕನ್ನಡಕ, ಮ್ಯಾಲೊಂದು ಎಕ್ಸಾಸ್ಟ್ ಫ್ಯಾನ್ ಹಾಕಿಸ್ರಿ ಅಂತ ಅಣ್ಣಾರಿಗೆ ಎರಡು ಸಲ ಹೇಳೀನಿ, ಹಾಕಿಸ್ತೀನ್ರಿ ಅಂದಾರ. ಅದಕ್ಕ ಕೆಜಿಗೆ ಐದು ರೂಪಾಯಿ ಜಾಸ್ತಿ ತಗೊಂಡ್ರೂ ನಾ ಖುಷಿಯಿಂದ ಕೊಡ್ತೀನಿ, ನೀವೂ ಹೋದಾಗ ಒಂದು ಮಾತು ಹೇಳ್ರಿ, ನಾಕು ಮಂದಿ ಹೇಳಿದ್ರ ಕೆಲಸ ಲಗೂನ ಆಗ್ತೈತಿ.

ಹೋಗೋರು ಸ್ಟೀಲ್ ಡಬ್ಬಿ ಒಣಗಿಸಿಕೊಂಡು ಒಯ್ರಿ, ಪ್ಲಾಸ್ಟಿಕ್ ಚೀಲದಾಗ ಬಿಸಿ ಪುಡಿ ಕಟ್ಟಿಕೊಡಾಕ ಅವರೂ ಒಪ್ಪಂಗಿಲ್ಲ. ಚಿಲ್ರಿ ಇರ್ಲಿ, ಫೋನ್‌ಪೇನೂ ನಡಿತೈತಿ. ಮುಂಜಾನೆ ಏಳಕ್ಕ ಬಾಗಿಲಾ ತಗಿತಾರ, ಅಮಾಸಿ ದಿನ ಮಷಿನ್ ಪೂಜಿ ಇರ್ತೈತಿ, ಅವತ್ತು ಮಧ್ಯಾಹ್ನದ ತನಕ ಬಂದ್. ಮಳಿ ಮೋಡ ಶುರು ಆಗೋದ್ರೊಳಗ ಟಮಾಟಿ ಮುಗಿಸಿಕೊಳ್ರಿ, ಜೂನ್ ಬಂತಂದ್ರ ಎಷ್ಟು ದಿನ ಇಟ್ರೂ ಆ ಪಟ್ ಅನ್ನೋ ಸಪ್ಪಳ ಬರಂಗಿಲ್ಲ, ಅಣ್ಣಾರು ಮತ್ತ ವಾಪಸ್ಸೇ ಕಳಿಸ್ತಾರ.